ಎಷ್ಟು ಮಾರ್ಕ್ಸಿಗೆ ಸಾರ್?

ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಧ್ರುವಗಳ ಹತ್ತಿರ 9.83, ಸಮಭಾಜಕ ವೃತ್ತದ ಹತ್ತಿರ 9.78 ಎಂದು ಅಳೆದವರು ಹೇಳುತ್ತಾರೆ. ಆದರೆ ನಮ್ಮ ಪಿಯು ಕಾಲೇಜುಗಳ ಪ್ರಯೋಗಾಲಯದೊಳಗೆ ಅದು ಅಲುಗಾಡಿದ್ದನ್ನು ನಾನಂತೂ ನೋಡಿಲ್ಲ. ಮೇಲೆ ಫ್ಯಾನು ತಿರುಗುತ್ತಿರಲಿ, ದಾರ ಗಂಟುಗಂಟಾಗಿರಲಿ, ಸ್ಟಾಪ್‌ವಾಚಿನ ಗುಂಡಿ ಒತ್ತಿದ ಮೇಲೆ ಎದ್ದು ಬರಲು ಮನಸ್ಸು ಮಾಡದಿರಲಿ, ಸರಳ ಲೋಲಕದ ಪ್ರಯೋಗದ ಕೊನೆಗೆ ಬರುವ ಉತ್ತರ 9.8. ಸ್ವಲ್ಪ ಧೈರ್ಯಸ್ಥರಾದರೆ 9.79. ಭೂಮಿಯನ್ನು ಇಷ್ಟು ಹದ್ದುಬಸ್ತಿನಲ್ಲಿ ಇಟ್ಟಿರುವವರು ಹದಿನಾರು ಹದಿನೇಳರ ನಮ್ಮ ಹುಡುಗ ಹುಡುಗಿಯರು.

ಇದರ ತಂತ್ರ ಸರಳ. ರಫ್ ಬುಕ್ಕಿನಲ್ಲಿ ಬಂದ ರೀಡಿಂಗ್ ಪೆನ್ಸಿಲಿನಲ್ಲಿ ಇರುತ್ತದೆ. ಅದು ಮನೆಯಲ್ಲಿ ಲುಂಗಿ ಉಟ್ಟು ಕೂತ ಮನುಷ್ಯನಂತೆ, ಹೊರಗಿನವರು ನೋಡಬಾರದು. ಉತ್ತರ ಮೊದಲೇ ಗೊತ್ತಿರುವುದರಿಂದ ಸೂತ್ರವನ್ನು ಹಿಂದಿನಿಂದ ಮುಂದಕ್ಕೆ ಓಡಿಸುತ್ತಾರೆ. ಒಂದು ಮೀಟರ್ ದಾರಕ್ಕೆ ಇಪ್ಪತ್ತು ಆಂದೋಲನಗಳಿಗೆ 40.1 ಸೆಕೆಂಡ್ ಬರಬೇಕು ಎಂದು ಲೆಕ್ಕ ಸಿಗುತ್ತದೆ. ಮೊದಲ ಸಲ 40.1, ಎರಡನೆಯ ಸಲ 40.2, ಮೂರನೆಯ ಸಲ ಅನುಮಾನ ಬರಬಾರದೆಂದು 40.0. ಇವು ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ ರೆಕಾರ್ಡ್ ಪುಸ್ತಕಕ್ಕೆ ಏರುತ್ತವೆ. ಲೋಲಕ ಪಾಪ ಅಲ್ಲಿ ತನ್ನ ಪಾಡಿಗೆ ತಾನು ತೂಗುತ್ತಿರುತ್ತದೆ.

ಪಕ್ಕದ ಕೋಣೆಯಲ್ಲಿ ಕೆಮಿಸ್ಟ್ರಿಯವರ ಕಥೆ ಇನ್ನೂ ಸೊಗಸು. ಅಲ್ಲಿ ಸತ್ಯ ಇರುವುದು ಅಟೆಂಡರ್ ಹತ್ತಿರ. ಸಾಲ್ಟ್ ಅನಾಲಿಸಿಸ್ ದಿನ ಬಾಟಲಿಯ ಪುಡಿಯನ್ನು ಪೊಟ್ಟಣ ಕಟ್ಟಿದವನು ಅವನೇ ತಾನೆ? ನಮ್ಮ ಕಾಲೇಜಿನ ಅಟೆಂಡರ್ ಹತ್ತನೇ ಕ್ಲಾಸು ದಾಟದವನು. ಆದರೆ ಪ್ರಾಕ್ಟಿಕಲ್ ಪರೀಕ್ಷೆ ಬಂತೆಂದರೆ ಎಂಎಸ್ಸಿ ಓದಿದ ನಾವು ಹೋಗುವಾಗ ಏಳದ ಹುಡುಗರು ಅವನು ಬಂದರೆ ಎದ್ದು ನಿಲ್ಲುತ್ತಿದ್ದರು. "ಅಣ್ಣಾ, ಬಿಳೀದು, ಮೂರನೇ ಟೇಬಲ್ದು, ಏನಣ್ಣ ಅದು?" ಅವನು ಆಕಾಶ ನೋಡುತ್ತ "ಅಮೋನಿಯಂ" ಎಂದು ಅಂದು, ಉಳಿದರ್ಧವನ್ನು ಗಾಂಭೀರ್ಯದಿಂದ ನುಂಗಿಕೊಂಡು ಮುಂದೆ ಹೋಗುತ್ತಿದ್ದ. ಆ ಮೇಲೆ ಹುಡುಗ ಸಾಲ್ಟನ್ನು ಕಾಸಿ, ಮೂಸಿ, ಆಸಿಡ್ ಹಾಕಿ, ಎಲ್ಲ ಪರೀಕ್ಷೆಗಳನ್ನೂ ಶಾಸ್ತ್ರೋಕ್ತವಾಗಿ ಮಾಡುತ್ತಿದ್ದ. ಮದುವೆ ಗೊತ್ತಾದ ಮೇಲೆ ಜಾತಕ ನೋಡುವುದಿಲ್ಲವೆ, ಹಾಗೆ ಎಂದು ಬರೆಯಬೇಕೆನ್ನಿಸಿತು. ಆದರೆ ಲುಂಗಿಯ ಹೋಲಿಕೆ ಆಗಲೇ ಖರ್ಚಾಗಿದೆ, ಬಿಡಿ.

ಇದನ್ನು ಕಳ್ಳತನ ಎಂದು ಬೈದು ಮುಗಿಸುವ ಮೇಷ್ಟ್ರುಗಳಿದ್ದಾರೆ. ನನಗೆ ಹಾಗೆ ಅನ್ನಿಸಿದ್ದಿಲ್ಲ. ಕಳ್ಳನಿಗೆ ತಾನು ಕದಿಯುತ್ತಿದ್ದೇನೆ ಎಂಬ ಅರಿವಿರುತ್ತದೆ. ಈ ಮಕ್ಕಳ ಮುಖದಲ್ಲಿ ಅದರ ಸುಳಿವೂ ಇರುವುದಿಲ್ಲ. ಅವರು ತಪ್ಪನ್ನು ತಿದ್ದುತ್ತಿದ್ದಾರೆ, ಅಷ್ಟೇ. ತಿಳಿವಳಿಕೆ ಎಂದರೆ ಎಲ್ಲೋ ಯಾರೋ ಪಕ್ಕಾ ಮಾಡಿ ಮುಗಿಸಿ ಇಟ್ಟ ಸಾಮಾನು. ಅದು ಪುಸ್ತಕದಲ್ಲಿದೆ, ಇಲ್ಲವೇ ಮೇಷ್ಟ್ರ ಹತ್ತಿರ ಇದೆ, ಇಲ್ಲವೇ ಅಟೆಂಡರ್ ಹತ್ತಿರ ಇದೆ. ನನ್ನ ಕೈ, ನನ್ನ ಕಣ್ಣು, ನನ್ನ ಸ್ಟಾಪ್‌ವಾಚು ಬೇರೆ ಏನಾದರೂ ಹೇಳಿದರೆ ತಪ್ಪು ಅವುಗಳದ್ದು. ಇದು ಸೋಮಾರಿತನವಲ್ಲ, ಒಂದು ಸಿದ್ಧಾಂತ. ಬಾಯಿಬಿಟ್ಟು ಯಾರೂ ಹೇಳಿಕೊಡದೆ, ಎಲ್ಲರೂ ಸೇರಿ ಕಲಿಸಿದ ಸಿದ್ಧಾಂತ.

ನ್ಯಾಯಶಾಸ್ತ್ರದವರು ತಿಳಿವಳಿಕೆಯ ಮೂಲಗಳನ್ನು ನಾಲ್ಕಾಗಿ ವಿಂಗಡಿಸಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಪಟ್ಟಿಯಲ್ಲಿ ಪ್ರತ್ಯಕ್ಷ ಮೊದಲು, ಬಲ್ಲವರ ಮಾತು ಕೊನೆಗೆ. ನಮ್ಮ ತರಗತಿಗಳಲ್ಲಿ ಈ ಪಟ್ಟಿಯನ್ನು ತಲೆಕೆಳಗು ಮಾಡಿ ಗೋಡೆಗೆ ತೂಗುಹಾಕಿದ್ದೇವೆ. ನಾಲಿಗೆಯ ನಕ್ಷೆಯನ್ನು ನೆನಪಿಸಿಕೊಳ್ಳಿ. ನಾವು ಓದುವಾಗ ಪುಸ್ತಕದಲ್ಲಿ ಒಂದು ದೊಡ್ಡ ನಾಲಿಗೆಯ ಚಿತ್ರ ಇತ್ತು. ತುದಿಗೆ ಸಿಹಿ, ಅಂಚಿಗೆ ಉಪ್ಪು ಹುಳಿ, ಹಿಂದಕ್ಕೆ ಕಹಿ. ತಾಲ್ಲೂಕು ನಕ್ಷೆಯ ಹಾಗೆ ಗಡಿಗೆರೆಗಳು. 1901ರಲ್ಲಿ ಹೇನಿಗ್ ಎಂಬ ಜರ್ಮನ್ ಸಂಶೋಧಕ ನಾಲಿಗೆಯ ಬೇರೆ ಬೇರೆ ಭಾಗಗಳ ಚುರುಕಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕಂಡಿದ್ದ. 1942ರಲ್ಲಿ ಬೋರಿಂಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅದನ್ನು ತನ್ನ ಪುಸ್ತಕದಲ್ಲಿ ಹೇಳಿದ ರೀತಿಯಿಂದ ಆ ವ್ಯತ್ಯಾಸಗಳು ಉಬ್ಬಿದವು. ಅಲ್ಲಿಂದ ಶಾಲೆಯ ಪುಸ್ತಕಗಳಿಗೆ ಬಂದು ತಾಲ್ಲೂಕುಗಳಾದವು. ಅಸಲಿಗೆ ರುಚಿಮೊಗ್ಗುಗಳು ಇರುವ ಕಡೆಯಲ್ಲೆಲ್ಲ ನಾಲಿಗೆ ಎಲ್ಲ ರುಚಿಗಳನ್ನೂ ಹಿಡಿಯುತ್ತದೆ. ಇದನ್ನು ಪತ್ತೆ ಮಾಡಲು ಪ್ರಯೋಗಾಲಯ ಬೇಕಿರಲಿಲ್ಲ; ಒಂದು ಚೂರು ಹಾಗಲಕಾಯಿಯನ್ನು ತುದಿನಾಲಿಗೆಗೆ ಮುಟ್ಟಿಸಿದ್ದರೆ ಸಾಕಿತ್ತು. ಪ್ರತಿ ದಿನ ಮೂರು ಹೊತ್ತು ಬಾಯಿಯಲ್ಲೇ ಸಾಕ್ಷಿ ಇಟ್ಟುಕೊಂಡು, ತಲೆಮಾರುಗಟ್ಟಲೆ ಜನ ಆ ನಕ್ಷೆಗೆ ಬಣ್ಣ ತುಂಬಿ, ಎರಡು ಅಂಕ ತೆಗೆದುಕೊಂಡು ಬಂದೆವು.

ಈ ನಂಬಿಕೆ ನಮ್ಮಲ್ಲಿ ಮಾತ್ರ ಇರುವಂಥದ್ದಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ ವಿಲಿಯಂ ಪೆರ್ರಿ ಎಂಬಾತ ಓದಿನಲ್ಲಿ ತೊಡಕಿದ್ದ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕಚೇರಿ ನಡೆಸುತ್ತಿದ್ದರು. 1950 ಮತ್ತು 60ರ ದಶಕಗಳಲ್ಲಿ ಅವರೂ ಅವರ ಸಂಗಡಿಗರೂ ವರ್ಷದ ಕೊನೆಗೆ ಹುಡುಗರನ್ನು ಕೂರಿಸಿಕೊಂಡು, ಈ ವರ್ಷ ಹೇಗಿತ್ತಪ್ಪ ಎಂದು ಕೇಳಿ, ಸುಮ್ಮನೆ ಕಿವಿಗೊಟ್ಟರು. ಅದರಿಂದ 1970ರಲ್ಲಿ ಒಂದು ಪುಸ್ತಕವಾಯಿತು. ತಿಳಿವಳಿಕೆ ಎಂದರೇನು ಎಂಬ ಬಗ್ಗೆ ಹುಡುಗರ ನಂಬಿಕೆ ಒಂಬತ್ತು ಮೆಟ್ಟಿಲು ಹತ್ತುತ್ತದೆ ಎಂದು ಅವರು ಗುರುತಿಸಿದರು. ಕೆಳಗಿನ ಮೆಟ್ಟಿಲಲ್ಲಿ ಸರಿ, ತಪ್ಪು ಎರಡೇ. ಸರಿ ಯಾವುದೆಂದು ಮೇಷ್ಟ್ರಿಗೆ ಗೊತ್ತು. ನಡುವಿನಲ್ಲಿ, ಅವರವರ ಅಭಿಪ್ರಾಯ ಅವರವರಿಗೆ ಎಂಬ ಉದಾರ ಹಂತ. ಆಮೇಲೆ ಅಭಿಪ್ರಾಯಗಳಿಗೂ ಆಧಾರ ಬೇಕು, ಸಂದರ್ಭ ಬೇಕು ಎಂಬ ಅರಿವು. ಕೊನೆಗೆ, ಪೂರ್ತಿ ಖಾತ್ರಿ ಇಲ್ಲದಿದ್ದರೂ ಯೋಚಿಸಿ ಒಂದು ಕಡೆ ನಿಲ್ಲುವ ಧೈರ್ಯ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಕೆಳಗಿನಿಂದ ಒಂದೆರಡು ಮೆಟ್ಟಿಲು ಮೇಲೆ ನಿಂತವನ ಕಥೆ. ಇಬ್ಬರು ಪ್ರೊಫೆಸರುಗಳು ಬೇರೆ ಬೇರೆ ಹೇಳುತ್ತಾರೆ; ಹುಡುಗನಿಗೆ ಗಲಿಬಿಲಿ. ಅವನು ಕೊನೆಗೆ ಕಂಡುಕೊಳ್ಳುವ ಸಮಾಧಾನ ಇದು: ಇವರಿಗೆ ಸರಿಯುತ್ತರ ಗೊತ್ತು, ನಾವೇ ಕಂಡುಹಿಡಿಯಲಿ ಎಂದು ಬೇಕಂತಲೇ ಬಚ್ಚಿಟ್ಟಿದ್ದಾರೆ! ನಾನು ಪಾಠದ ನಡುವೆ "ನಿಮಗೇನನ್ನಿಸುತ್ತೆ?" ಎಂದು ಕೇಳಿದಾಗಲೆಲ್ಲ ಮುಂದಿನ ಬೆಂಚಿನ ಜಾಣರು ನನ್ನ ಮುಖವನ್ನು ಪೊಲೀಸರಂತೆ ಶೋಧಿಸುತ್ತಿದ್ದುದು ಏಕೆಂದು ಇದನ್ನು ಓದಿದ ಮೇಲೆ ಅರ್ಥವಾಯಿತು.

ಇದೇ ಪೆರ್ರಿ 1963ರಲ್ಲಿ ಪರೀಕ್ಷೆಗಳ ಬಗ್ಗೆ ಒಂದು ತುಂಟ ಲೇಖನ ಬರೆದಿದ್ದರು. ಮೆಟ್ಜರ್ ಎಂದು ಅವರು ಕರೆದ ಒಬ್ಬ ಹುಡುಗ, ತಾನು ಒಂದು ದಿನವೂ ಕೂರದ ಕೋರ್ಸಿನ ಪರೀಕ್ಷೆಗೆ ಹೋಗಿ ಕೂತು, ಪ್ರಬಂಧದ ಪ್ರಶ್ನೆಗೆ ಎ ಮೈನಸ್ ಹೊಡೆದುಕೊಂಡು ಬಂದಿದ್ದ. ಪೆರ್ರಿ ಅಂಥ ಬರಹಕ್ಕೆ ಗೂಳಿ ಎಂದೂ, ತಲೆಬುಡವಿಲ್ಲದೆ ಮಾಹಿತಿಯನ್ನಷ್ಟೇ ರಾಶಿ ಹಾಕುವುದಕ್ಕೆ ಹಸು ಎಂದೂ ಹೆಸರಿಟ್ಟರು. ನಮ್ಮಲ್ಲಿ ಎರಡೂ ತಳಿ ಉಂಟು. ಜೊತೆಗೆ ದೇಸಿ ನಂಬಿಕೆಯೊಂದು ಬೇರೆ ಇದೆ: ವ್ಯಾಲ್ಯುಯೇಷನ್ ಮಾಡುವವರು ಉತ್ತರವನ್ನು ಗೇಣು ಹಾಕಿ ಅಳೆಯುತ್ತಾರೆ. ಆದ್ದರಿಂದ ಅಡಿಷನಲ್ ಶೀಟ್ ತೆಗೆದುಕೊಂಡವನೇ ಜಾಣ. ಓಮನ ನಿಯಮಕ್ಕೆ ಎಂಟು ಸಾಲು ಬರೆದು, ಜಾಗ ಉಳಿಯಿತೆಂದು ಓಮನ ಬಾಲ್ಯ, ಓಮನ ಬಡತನ, ಓಮನಂಥವರು ಇಂದಿನ ಸಮಾಜಕ್ಕೆ ಎಷ್ಟು ಅಗತ್ಯ ಎಂದೆಲ್ಲ ಬರೆದ ಒಂದು ಉತ್ತರಪತ್ರಿಕೆಯನ್ನು ನಾನು ನೋಡಿದ್ದೇನೆ. ಓದಿ ಖುಷಿಯಾಯಿತು. ಸ್ಕೀಮಿನಲ್ಲಿ ಖುಷಿಗೆ ಅಂಕವಿರಲಿಲ್ಲ.

ಪ್ರಶ್ನೆ ಕೇಳಿಸಬೇಕೆಂದು ಪ್ರಯತ್ನಪಟ್ಟವರು ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರೇ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯನ್ನೇ ಮಾಡಿದರು. ಪ್ರಶ್ನಿಸದೆ ಏನನ್ನೂ ಒಪ್ಪಿಕೊಳ್ಳಬೇಡಿ ಎಂಬುದು ಅವರು ಜೀವನಪೂರ್ತಿ ಹೇಳಿಕೊಂಡು ಬಂದ ಮಾತು. ಅವರ ಬಗ್ಗೆ ನಾನು ಒಂದು ವರ್ಷದ ಮೊದಲ ತರಗತಿಯಲ್ಲಿ ಆವೇಶದಿಂದ ಮಾತಾಡಿ, ಆ ಮಾತನ್ನೂ ಹೇಳಿದೆ. ಇಡೀ ತರಗತಿ ತಲೆ ಬಗ್ಗಿಸಿ ಅದನ್ನು ನೋಟ್ಸಿಗೆ ಇಳಿಸಿಕೊಂಡಿತು. ಯಾರೊಬ್ಬರೂ ಪ್ರಶ್ನಿಸಲಿಲ್ಲ. ತಪ್ಪಾಯಿತು, ಒಬ್ಬ ಪ್ರಶ್ನಿಸಿದ: "ಇದು ಎಷ್ಟು ಮಾರ್ಕ್ಸಿಗೆ ಸಾರ್?"

ಮಕ್ಕಳು ಹುಟ್ಟುತ್ತಲೇ ಹೀಗಿರುತ್ತಾರೆಯೇ? ನನ್ನ ಮೊಮ್ಮಗ ಮೂರನೆಯ ವರ್ಷದಲ್ಲಿ ಚಂದ್ರ ಯಾಕೆ ನಮ್ಮ ಬಸ್ಸಿನ ಜೊತೆಗೇ ಬರುತ್ತಾನೆ ಎಂದು ತರೀಕೆರೆಯಿಂದ ಬೀರೂರಿನವರೆಗೆ ಕೇಳಿದವನು. ಈಗ ಮೂರನೆಯ ತರಗತಿ. ಅವನ ಮೇಲೆ ಒಂದು ಪ್ರಸಿದ್ಧ ಲೆಕ್ಕ ಪ್ರಯೋಗಿಸಿದೆ. ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಾಗಾದರೆ ಕ್ಯಾಪ್ಟನ್ ವಯಸ್ಸೆಷ್ಟು? ಇದನ್ನು 1979-80ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಗಣಿತ ಶಿಕ್ಷಣದವರು 97 ಮಕ್ಕಳಿಗೆ ಕೊಟ್ಟಿದ್ದರು. 76 ಮಕ್ಕಳು ಕುರಿಮೇಕೆಗಳನ್ನು ಸೇರಿಸಿ ಗೀರಿಸಿ ಒಂದು ವಯಸ್ಸು ಬರೆದುಕೊಟ್ಟರು. ಇಂಥದೊಂದು ಕಪ್ತಾನನ ಲೆಕ್ಕವನ್ನು ಕಾದಂಬರಿಕಾರ ಫ್ಲೋಬೆರ್ 1840ರ ದಶಕದಲ್ಲೇ ತಂಗಿಗೆ ಬರೆದ ಕಾಗದದಲ್ಲಿ ತಮಾಷೆಗೆ ಹಾಕಿದ್ದನಂತೆ. ತಮಾಷೆ ಸಂಶೋಧನೆಯಾಗಲು ನೂರಮೂವತ್ತು ಚಿಲ್ಲರೆ ವರ್ಷ ಹಿಡಿಯಿತು.

"36, ತಾತ," ಎಂದ ಮೊಮ್ಮಗ, ತಡಮಾಡದೆ.

"ಹೇಗೋ?"

"ಕೂಡಿದ್ರೆ 36. ಕಳೆದ್ರೆ 16 ಬರುತ್ತೆ, ಆ ವಯಸ್ಸಿಗೆ ಲೈಸೆನ್ಸ್ ಕೊಡಲ್ಲ. ಗುಣಿಸಿದ್ರೆ 260, ಅಷ್ಟೊತ್ತಿಗೆ ಸತ್ತೋಗಿರ್ತಾನೆ."

ನೋಡಿ, ಹುಡುಗ ದಡ್ಡನಲ್ಲ. ಲೈಸೆನ್ಸಿನ ಕಾನೂನು ಗೊತ್ತು, ಮನುಷ್ಯನ ಆಯುಷ್ಯ ಗೊತ್ತು, ಸಿಕ್ಕ ಉತ್ತರಗಳನ್ನು ತೂಗಿ ನೋಡುವ ಬುದ್ಧಿ ಇದೆ. ಕುರಿಗೂ ಕ್ಯಾಪ್ಟನ್ನಿಗೂ ಏನು ಸಂಬಂಧ ಎಂಬುದೊಂದನ್ನು ಮಾತ್ರ ಕೇಳಲಿಲ್ಲ. ಏಕೆಂದರೆ ಲೆಕ್ಕ ಎಂದ ಮೇಲೆ ಉತ್ತರ ಇರಲೇಬೇಕು, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕು. ಇದು ಅವನು ಎರಡೇ ವರ್ಷದಲ್ಲಿ, ಪಠ್ಯದಲ್ಲಿ ಎಲ್ಲೂ ಬರೆದಿಲ್ಲದಿದ್ದರೂ, ಸೊಗಸಾಗಿ ಕಲಿತ ಪಾಠ. ದೊಡ್ಡ ಮಕ್ಕಳೂ ಕಡಿಮೆಯಿಲ್ಲ. 1983ರ ಹೊತ್ತಿಗೆ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರ ವಿವರದಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆಯಿದೆ. 1128 ಸೈನಿಕರು, ಒಂದು ಬಸ್ಸಿಗೆ 36 ಜನ, ಎಷ್ಟು ಬಸ್ಸು ಬೇಕು? ನೂರಕ್ಕೆ 29 ಮಕ್ಕಳು ಬರೆದ ಉತ್ತರ: 31 ಬಸ್ಸು, ಶೇಷ 12. ಆ ಹನ್ನೆರಡು ಸೈನಿಕರು ಇವತ್ತಿಗೂ ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ ಶೇಷವಾಗಿ ನಿಂತಿದ್ದಾರು. ನಮ್ಮ ಕಡೆಯಾಗಿದ್ದರೆ ಕಂಡಕ್ಟರು "ಒಳಗೆ ನಡೀರಿ, ಒಳಗೆ ನಡೀರಿ" ಎಂದು ಅವರನ್ನೂ ಆ 31ರಲ್ಲೇ ತುಂಬಿಸಿ ಗಣಿತದ ಮಾನ ಉಳಿಸುತ್ತಿದ್ದ.

ಉತ್ತರ ಇರಲೇಬೇಕು ಎಂಬುದರ ಬೆನ್ನಿಗೇ, ಅದು ಬೇಗ ಸಿಗಲೇಬೇಕು ಎಂಬುದೂ ಬರುತ್ತದೆ. ಅಲನ್ ಶೋನ್‌ಫೆಲ್ಡ್ ಎಂಬ ಗಣಿತ ಶಿಕ್ಷಣತಜ್ಞರು ಅಮೆರಿಕದ ಹೈಸ್ಕೂಲು ಮಕ್ಕಳನ್ನು ಕೇಳಿದ್ದರು: ಒಂದು ಲೆಕ್ಕದ ಜೊತೆ ಎಷ್ಟು ಹೊತ್ತು ಹೆಣಗಿದ ಮೇಲೆ ಅದು ನಿಮ್ಮ ಕೈಲಾಗದ್ದೆಂದು ಬಿಡುತ್ತೀರಿ? ಸರಾಸರಿ ಉತ್ತರ ಹನ್ನೆರಡು ನಿಮಿಷ. ಗಣಿತಜ್ಞ ಆಂಡ್ರೂ ವೈಲ್ಸ್ ಫರ್ಮಾನ ಕೊನೆಯ ಪ್ರಮೇಯದ ಮೇಲೆ ಏಳು ವರ್ಷ ಅಟ್ಟದ ಕೋಣೆಯಲ್ಲಿ ಕೂತು, 1993ರಲ್ಲಿ ಸಾಧಿಸಿದೆ ಎಂದು ಸಾರಿ, ಅದರಲ್ಲಿ ತೂತು ಸಿಕ್ಕಿ, ಮತ್ತೆ ಒಂದು ವರ್ಷಕ್ಕೂ ಹೆಚ್ಚು ಒದ್ದಾಡಿ 1994ರಲ್ಲಿ ಸರಿಮಾಡಿದರು. ಹನ್ನೆರಡನೆಯ ನಿಮಿಷಕ್ಕೆ ಅವರ ತಾಯಿ ಬಂದು "ನಮ್ಮ ವಂಶದಲ್ಲೇ ಮ್ಯಾಥ್ಸ್ ಇಲ್ಲ ಬಿಡಪ್ಪ, ಕಾಮರ್ಸ್ ತಗೋ" ಎಂದು ಹೇಳಲಿಲ್ಲ, ಅದೊಂದು ಪುಣ್ಯ.

ಈ ವಂಶದ ಮಾತು ನಾನು ಪೋಷಕರ ಸಭೆಗಳಲ್ಲಿ ಕೇಳಿ ಕೇಳಿ ದಣಿದದ್ದು. ಗಣಿತ, ಮೂಗು, ಸಕ್ಕರೆ ಕಾಯಿಲೆ ಈ ಮೂರೂ ಮನೆತನದಲ್ಲಿ ಹರಿದು ಬರುವಂಥವೆಂದು ಜನ ಗಟ್ಟಿಯಾಗಿ ನಂಬಿದ್ದಾರೆ. ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು "ಇವನ ತಲೆಗೆ ಹತ್ತಲ್ಲ ಸಾರ್, ಇವರಪ್ಪನ ಥರಾನೇ" ಎನ್ನುತ್ತಾರೆ. ಅಪ್ಪ ನಕ್ಕು ತಲೆ ಆಡಿಸುತ್ತಾನೆ. ಹುಡುಗನೂ ತಲೆ ಆಡಿಸುತ್ತಾನೆ. ಮೂರು ತಲೆ ಒಪ್ಪಿದ ಮೇಲೆ ನಾಲ್ಕನೆಯದಾದ ನನ್ನದೇನು ನಡೆಯುತ್ತದೆ? ಮಾರ್ಲೀನ್ ಶೋಮರ್ ಎಂಬ ಮನಶ್ಶಾಸ್ತ್ರಜ್ಞೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು: ಕಲಿಯುವ ಶಕ್ತಿ ಹುಟ್ಟಿನಿಂದ ಬಂದದ್ದು, ಕಲಿತರೆ ತಟ್ಟನೆ ಕಲಿತೆವು ಇಲ್ಲದಿದ್ದರೆ ಇಲ್ಲ, ವಿಷಯ ಎಂದರೆ ಬಿಡಿ ಸಂಗತಿಗಳ ಗೋಣಿ, ಅದು ಎಂದೂ ಬದಲಾಗದು. ಆಮೇಲೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಲೇಖನ ಕೊಟ್ಟು ಅದರ ಕೊನೆಯ ಪ್ಯಾರಾ ಕತ್ತರಿಸಿಬಿಟ್ಟರು. ನೀವೇ ಮುಗಿಸಿ ಎಂದರು. ಕಲಿಕೆ ತಟ್ಟನೆ ಆಗುವಂಥದ್ದು ಎಂದು ನಂಬಿದವರ ಮುಕ್ತಾಯ ವಿಷಯವನ್ನು ತೀರ ಸರಳ ಮಾಡಿತ್ತು. ತಿಳಿವಳಿಕೆ ಬದಲಾಗದ್ದು ಎಂದು ನಂಬಿದವರು, ಲೇಖನವೇ ಅಳುಕುತ್ತ ಅನುಮಾನಿಸುತ್ತ ಹೇಳಿದ್ದನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ಮುಗಿಸಿದ್ದರು. ಓದಿದ್ದು ಒಂದೇ ಲೇಖನ. ಒಬ್ಬೊಬ್ಬರಿಗೂ ಕಂಡದ್ದು ಬೇರೆ. ನನಗೆ ಈ ಅಧ್ಯಯನದಲ್ಲಿ ಬಹಳ ಕಾಲ ಕಾಡಿದ್ದು ಇದೇ. ನಾನು ಪಾಠ ಮಾಡುವಾಗ ಎದುರಿಗೆ ಕೂತವರು ಕೇಳಿಸಿಕೊಳ್ಳುತ್ತಿದ್ದುದು ನಾನು ಹೇಳಿದ್ದನ್ನಲ್ಲ, ಪಾಠ ಎಂದರೆ ಹೀಗಿರಬೇಕು ಎಂದು ಅವರು ನಂಬಿದ್ದನ್ನು.

ಹಳೆಯ ಸಂಸ್ಕೃತ ಸುಭಾಷಿತವೊಂದು ಕಲಿಕೆಯನ್ನು ನಾಲ್ಕು ಪಾಲು ಮಾಡುತ್ತದೆ. ಗುರುವಿನಿಂದ ಕಾಲು ಭಾಗ, ಸ್ವಂತ ಬುದ್ಧಿಯಿಂದ ಕಾಲು, ಸಹಪಾಠಿಗಳಿಂದ ಕಾಲು, ಉಳಿದ ಕಾಲು ಭಾಗ ಕಾಲಕ್ರಮದಲ್ಲಿ ತಾನೇ ಪಕ್ವವಾಗಿ ಬರುವಂಥದ್ದು. ಇದನ್ನು ಶಾಲೆಯ ವಾರ್ಷಿಕೋತ್ಸವಗಳಲ್ಲಿ ಅತಿಥಿಗಳು ಪದೇ ಪದೇ ಹೇಳುತ್ತಾರೆ. ಮಾರನೆಯ ದಿನ ಅದೇ ಶಾಲೆಯಲ್ಲಿ ಪಕ್ಕದವನ ಜೊತೆ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ, ಸ್ವಂತ ವಾಕ್ಯದಲ್ಲಿ ಬರೆದರೆ ನೋಟ್ಸಿನಲ್ಲಿ ಹೀಗಿಲ್ಲ ಎಂದು ಅರ್ಧ ಅಂಕ ಕಳೆಯುತ್ತಾರೆ, ಕಾಲಕ್ರಮಕ್ಕಂತೂ ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ಪುರಸೊತ್ತಿಲ್ಲ. ಉಳಿಯುವುದು ಗುರುವಿನ ಕಾಲು ಭಾಗ. ಅದನ್ನೂ ಈಗ ಪಾಸಿಂಗ್ ಪ್ಯಾಕೇಜ್ ಎಂದು ಝೆರಾಕ್ಸ್ ಮಾಡಿ ಹಂಚುತ್ತಾರೆ.

ಪಾಠ ಬದಲಾದಾಗಲೇ ನಿಜವಾದ ಮೋಜು. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಸೇರಿದ್ದ ಖಗೋಳಜ್ಞರು ಕೈಯೆತ್ತಿ ಮತ ಹಾಕಿ ಪ್ಲೂಟೋವನ್ನು ಗ್ರಹಗಳ ಪಟ್ಟಿಯಿಂದ ಇಳಿಸಿದರು. ಪಂಚಾಯ್ತಿ ಸದಸ್ಯತ್ವ ಹೋದ ಹಾಗೆ ಗ್ರಹಪದವಿ ಹೋಯಿತು. ಶೈಕ್ಷಣಿಕ ವರ್ಷದ ನಡುಮಧ್ಯ. ಪುಸ್ತಕದಲ್ಲಿ ಒಂಬತ್ತು, ಪೇಪರಿನಲ್ಲಿ ಎಂಟು. ಗ್ರಹ ಎಂದರೇನು ಎಂಬುದನ್ನೇ ಮನುಷ್ಯರು ಕೂತು ತೀರ್ಮಾನಿಸಬೇಕಾಯಿತು ಎಂಬುದು ಎಷ್ಟು ಸ್ವಾರಸ್ಯದ ವಿಷಯ! ನಮ್ಮ ಬೀದಿಯ ಹೈಸ್ಕೂಲು ಮಕ್ಕಳು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ್ದು ಮಾತ್ರ, "ಪರೀಕ್ಷೆಗೆ ಎಂಟು ಬರೀಬೇಕಾ, ಒಂಬತ್ತಾ?" ನಮ್ಮ ದೇವಸ್ಥಾನದ ಭಟ್ಟರು ಈ ಗದ್ದಲಕ್ಕೆ ಸೊಪ್ಪು ಹಾಕಲಿಲ್ಲ. ಅವರ ನವಗ್ರಹದಲ್ಲಿ ಸೂರ್ಯಚಂದ್ರ, ರಾಹುಕೇತು ಇದ್ದಾರೆ. ಪ್ಲೂಟೋ ಮೊದಲಿಂದಲೂ ಇರಲಿಲ್ಲ, ಹಾಗಾಗಿ ಹೋಗಲೂ ಇಲ್ಲ. ಮನುಷ್ಯನ ವರ್ಣತಂತುಗಳ ಕಥೆಯೂ ಹೀಗೇ. 1920ರ ದಶಕದಲ್ಲಿ ಪೇಂಟರ್ ಎಂಬ ವಿಜ್ಞಾನಿ 48 ಎಂದು ಎಣಿಸಿದರು. ಆಮೇಲೆ ಮೂವತ್ತು ವರ್ಷ ಇಣುಕಿದವರಿಗೆಲ್ಲ 48 ಕಂಡಿತು. 1956ರಲ್ಲಿ ಜೋ ಹಿನ್ ತ್ಯೋ ಮತ್ತು ಲೆವಾನ್ ಸ್ವೀಡನ್ನಿನಲ್ಲಿ ಸ್ವಚ್ಛವಾಗಿ ಎಣಿಸಿ 46 ಎಂದರು. ವಿಜ್ಞಾನಿಗಳೂ ಒಮ್ಮೊಮ್ಮೆ ರೆಕಾರ್ಡ್ ಪುಸ್ತಕ ಬರೆಯುತ್ತಾರೆ ಎಂದು ಇದನ್ನು ಕೇಳಿದ ನಮ್ಮ ಹುಡುಗರಿಗೆ ಬಹಳ ಸಮಾಧಾನವಾಯಿತು.

ಇಷ್ಟು ಹೇಳಿದ ಮೇಲೆ, ಮಕ್ಕಳ ತಲೆಯಲ್ಲಿ ಇಂಥ ನಂಬಿಕೆ ಬೇರೂರಿದೆ ಎಂದು ನೀವು ತೀರ್ಮಾನಿಸಿದರೆ ನಾನು ಒಪ್ಪುವುದಿಲ್ಲ. ಅಟೆಂಡರ್ ಹತ್ತಿರ ಸಾಲ್ಟಿನ ಹೆಸರು ಕೇಳಿದವರಲ್ಲಿ ಒಬ್ಬನ ಮನೆಗೆ ಜೂನಿನಲ್ಲೊಮ್ಮೆ ಹೋಗಿದ್ದೆ. ಅವರದು ಅಡಿಕೆ ತೋಟ. ಅಪ್ಪ ಬೇರೆಯವರ ತೋಟಗಳನ್ನೂ ಚೇಣಿ ಹಿಡಿಯುವವರು. ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಯಾರಿ ನಡೆದಿತ್ತು. ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿದ್ದರು, ಇನ್ನೊಂದರಲ್ಲಿ ಸುಣ್ಣ. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ ಎಂಬುದು ಪುಸ್ತಕದ ಲೆಕ್ಕ. ಹುಡುಗ ಎರಡನ್ನೂ ಬೆರೆಸಿ, ಕೋಲಿನಲ್ಲಿ ತಿರುವಿ, ಸೊಂಟದಲ್ಲಿದ್ದ ಚಾಕುವನ್ನು ಉಜ್ಜಿ ಹೊಳಪು ಮಾಡಿ ದ್ರಾವಣದಲ್ಲಿ ಅದ್ದಿ ಹಿಡಿದ. ಎತ್ತಿ ನೋಡಿದರೆ ಅಲಗಿನ ಮೇಲೆ ಕೆಂಪು ಛಾಯೆ. "ಸುಣ್ಣ ಸಾಲ್ದು ಸಾರ್. ತಾಮ್ರ ಬಿಡ್ತಾ ಐತೆ. ಹಿಂಗೇ ಹೊಡೆದ್ರೆ ಹಿಂಗಾರ ಸುಟ್ಟೋಗುತ್ತೆ." ಮತ್ತಷ್ಟು ಸುಣ್ಣದ ತಿಳಿ ಹಾಕಿದ, ಮತ್ತೆ ಚಾಕು ಅದ್ದಿದ.

"ಒಂದಕ್ಕೊಂದು ಕೇಜಿ ಅಂತಾರಲ್ಲೋ?" ಎಂದೆ.

"ಅಂತಾರೆ. ಸುಣ್ಣ ಹಳೇದಾದ್ರೆ ಅದಕ್ಕೆ ಕಸುವಿರಲ್ಲ ಸಾರ್. ಚಾಕು ಹೇಳಿದ್ದೇ ಲೆಕ್ಕ."

ಇವನೇ ನನ್ನ ಮುಂದೆ ಸ್ಟಾಪ್‌ವಾಚಿನ ಮಾತನ್ನು ಕಾಸಿನಷ್ಟೂ ನಂಬದವನು! ತೋಟದಲ್ಲಿ ಅವನಿಗೆ ಪುಸ್ತಕದ ಮಾತು ಶುರು ಮಾಡುವುದಕ್ಕೆ, ಮುಗಿಸುವುದು ಪ್ರತ್ಯಕ್ಷ. ಅಪ್ಪ ಹೋದ ವರ್ಷ ಫಸಲಿನ ಅಂದಾಜು ತಪ್ಪಿದ್ದೇಕೆ ಎಂದೂ ಅವನು ಅಪ್ಪನ ಎದುರಿಗೇ ವಿವರಿಸಿದ; ಅಪ್ಪ ಬೇಜಾರಿಲ್ಲದೆ ಕೇಳಿಸಿಕೊಂಡು ಒಂದೆರಡು ಅಂಶ ಸೇರಿಸಿದರು. ಈ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದೂ ಹಾಗೇ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದಾಗ ಮಲೆನಾಡಿನ ಬೆಳೆಗಾರರು ದೊರೆಯ ಕಡೆಯವರು ಹೇಳಿದರೆಂದು ಸುಮ್ಮನೆ ತಲೆಬಾಗಿಸಿರಲಾರರು. ಮರಕ್ಕೆ ಹೊಡೆದು, ಕಾಯಿ ನಿಂತದ್ದನ್ನು ಕಂಡೇ ಒಪ್ಪಿರಬೇಕು. ಅಂದರೆ ಹುಡುಗನಿಗೆ ಎರಡು ನಂಬಿಕೆಗಳಿವೆ, ಎರಡೂ ಗಟ್ಟಿ. ಚಪ್ಪಲಿ ಬಿಟ್ಟ ಹಾಗೆ ಒಂದನ್ನು ಕಾಲೇಜಿನ ಗೇಟಿನಲ್ಲಿ ಬಿಟ್ಟು ಒಳಗೆ ಬರುತ್ತಾನೆ. ಬಿಟ್ಟು ಬಾ ಎಂದು ಕಲಿಸಿದವರು ನಾವು, ನಮ್ಮ ಪ್ರಶ್ನೆಪತ್ರಿಕೆ, ನಮ್ಮ ಕೆಂಪು ಪೆನ್ನು.

ಗೇಟಿನಲ್ಲಿ ಬಿಡುವುದನ್ನು ಮರೆತು ಒಳಗೆ ತಂದವಳು ಒಬ್ಬಳಿದ್ದಳು. ಲೋಲಕದ ಪ್ರಯೋಗದಲ್ಲಿ ಅವಳಿಗೆ ಗುರುತ್ವ 10.87 ಬಂದಿತ್ತು. ಅಳಿಸುವ ರಬ್ಬರ್ ಕೈಯಲ್ಲಿತ್ತು. ನಾನು ಹೋಗಿ ನಿಂತೆ. ಒಂದು ಮೀಟರ್ ದಾರ, ಇಪ್ಪತ್ತು ಆಂದೋಲನ, 38.1, 38.2, 38.0. ಇಂಥ ರೀಡಿಂಗ್ ಕಂಡರೆ ನನಗೆ ಹಬ್ಬ. ಅಡ್ಡಾದಿಡ್ಡಿ ತಪ್ಪಾದರೆ ಒಮ್ಮೆ 39, ಒಮ್ಮೆ 42 ಬರುತ್ತದೆ. ಮೂರು ಸಲವೂ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪಿದೆ ಎಂದರೆ ಒಳಗೆ ಏನೋ ಇದೆ. "ಅಳಿಸಬೇಡ. ಇದು ಯಾಕೆ ಬಂತು ಅಂತ ಹೇಳಿದರೆ 9.8ಕ್ಕೆ ಕೊಡುವ ಅಂಕಾನೇ ಕೊಡ್ತೀನಿ" ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಪಕ್ಕದವಳಂತೂ ಇದೇನೋ ಶಿಕ್ಷೆಯ ಹೊಸ ವಿಧಾನವೆಂದು ತಿಳಿದು ತನ್ನ ರಫ್ ಬುಕ್ಕನ್ನು ಮುಚ್ಚಿಕೊಂಡಳು. ದಾರ ಅಳೆದಳು, ಸರಿಯಿತ್ತು. ಗುಂಡಿನ ವ್ಯಾಸ ಅಳೆದಳು, ಸರಿಯಿತ್ತು. ಗಂಟೆ ಹೊಡೆಯಿತು.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಸಾರ್, ನಾನು ಗುಂಡು ಬಿಟ್ಟ ಕೂಡಲೇ ಒಂದು ಅಂತ ಎಣಿಸ್ತಿದ್ದೆ. ಒಂದು ಸಲ ಹೋಗಿ ವಾಪಸ್ ಬಂದ ಮೇಲಲ್ವಾ ಒಂದು? ನನ್ನ ಇಪ್ಪತ್ತು ನಿಜವಾಗ್ಲೂ ಹತ್ತೊಂಬತ್ತು." ಹೇಗೆ ಹೊಳೆಯಿತು ಎಂದು ಕೇಳಿದೆ. ಅವರಜ್ಜಿ ಅರಳಿಕಟ್ಟೆ ಪ್ರದಕ್ಷಿಣೆ ಹಾಕುವಾಗ ಇವಳು ಕೂತು ಕಡ್ಡಿ ಇಟ್ಟು ಎಣಿಸಿಕೊಡುತ್ತಾಳಂತೆ. ಅಜ್ಜಿ ಹೆಜ್ಜೆ ಎತ್ತಿದ ಕೂಡಲೇ ಇವಳು ಮೊದಲ ಕಡ್ಡಿ ಇಟ್ಟಳು. "ಒಂದು ಸುತ್ತು ಮುಗೀಲಿ, ಆಮೇಲೆ ಇಡೇ. ದೇವರಿಗೆ ಒಂದು ಸುತ್ತು ಮೋಸ ಮಾಡ್ತೀಯ?" ಎಂದು ಅಜ್ಜಿ ಗದರಿದರಂತೆ. ಅಲ್ಲಿಂದ ಓಡಿಹೋಗಿ 38.1ನ್ನು ಇಪ್ಪತ್ತರ ಬದಲು ಹತ್ತೊಂಬತ್ತರಿಂದ ಭಾಗಿಸಿದ್ದಾಳೆ. 9.8 ಬಂದಿದೆ. ಮೊದಲ ಸಲ ನಮ್ಮ ಪ್ರಯೋಗಾಲಯದಲ್ಲಿ ಅದು ತಾನಾಗಿ ಬಂದದ್ದನ್ನು ಕಂಡೆ. ರೆಕಾರ್ಡ್ ಪುಸ್ತಕದಲ್ಲಿ "ದೋಷದ ಮೂಲ" ಎಂಬ ಕಡೆ ಅವಳು ಅಜ್ಜಿಯ ವಿಷಯ ಬರೆದಿರಲಿಲ್ಲ, ನಾಚಿಕೆಯಿಂದ. ನಾನೇ ಬರೆಸಿದೆ. ವೈವಾಕ್ಕೆ ಬಂದ ಎಕ್ಸ್‌ಟರ್ನಲ್ ಅದನ್ನು ಓದಿ ನನ್ನ ಕಡೆ ಅನುಮಾನದಿಂದ ನೋಡಿದರು.

ಹುಡುಗರು ತಾವಾಗಿಯೇ ವಾದಕ್ಕೆ ಇಳಿಯುವ ಒಂದು ಋತುವೂ ಇದೆ: ಕೀ ಆನ್ಸರ್ ಬಿಟ್ಟ ವಾರ. ಪರೀಕ್ಷೆ ನಡೆಸುವವರು ಈಗ ತಾತ್ಕಾಲಿಕ ಸರಿಯುತ್ತರಗಳನ್ನು ಪ್ರಕಟಿಸಿ, ಆಕ್ಷೇಪಣೆಯಿದ್ದರೆ ಆಧಾರ ಸಮೇತ ಸಲ್ಲಿಸಿ ಎನ್ನುತ್ತಾರೆ. ಶಿಕ್ಷಣ ಸುಧಾರಣೆ ಎಂದು ಯಾರೂ ಇದನ್ನು ಕರೆಯುವುದಿಲ್ಲ. ನನ್ನ ಪ್ರಕಾರ ಕೆಲವು ಆಯೋಗಗಳ ವರದಿಗಿಂತ ಇದೇ ಹೆಚ್ಚು ಕೆಲಸ ಮಾಡಿದೆ. ಒಂದು ಪ್ರವೇಶ ಪರೀಕ್ಷೆ ಮುಗಿದ ವಾರ ನಮ್ಮೂರ ಸೈಬರ್ ಸೆಂಟರಿನಲ್ಲಿ ಆಧಾರ್ ಕೆಲಸಕ್ಕೆ ಕೂತಿದ್ದೆ. ವರ್ಷವಿಡೀ ಬಾಯಿ ಬಿಡದ ಒಬ್ಬ ನನ್ನ ಹಳೆಯ ವಿದ್ಯಾರ್ಥಿ ಎರಡು ಪುಸ್ತಕ ಹಿಡಿದು ಬಂದ. ಮೇಲಕ್ಕೆಸೆದ ಚೆಂಡು ಹತ್ತುವ ಸಮಯ ಮತ್ತು ಇಳಿಯುವ ಸಮಯ ಎರಡೂ ಸಮ ಎಂದು ಕೀ ಹೇಳುತ್ತದೆ. "ಗಾಳಿಯ ತಡೆಯನ್ನು ಬಿಡಿ ಅಂತ ಪ್ರಶ್ನೆಯಲ್ಲಿ ಹೇಳೇ ಇಲ್ಲ ಸಾರ್. ಗಾಳಿ ಇದ್ರೆ ಇಳಿಯೋಕೆ ಜಾಸ್ತಿ ಹೊತ್ತು ಬೇಕು. ನನ್ನ ಆಪ್ಷನ್ ಬಿ ತಪ್ಪು ಹೆಂಗಾಗುತ್ತೆ?" ವಾದ ಸರಿಯಾಗಿಯೇ ಇತ್ತು. ನಾನು ಎದುರು ವಾದ ಹಾಕಿದೆ, ಅವನು ಪುಟ ತಿರುವಿದ, ಚಿತ್ರ ಬರೆದ, ಅಕ್ಕಪಕ್ಕದವರು ಸೇರಿಕೊಂಡರು.

ಸೆಂಟರಿನವನು ಪರದೆಯಿಂದ ಕಣ್ಣು ಕೀಳದೆ ತೀರ್ಪು ಕೊಟ್ಟ: "ಹೋದ ವರ್ಷವೂ ಇಂಥದ್ದೇ ಬಂದಿತ್ತು ಕಣಯ್ಯ. ಸಮ ಅಂತಲೇ ಫೈನಲ್ ಕೊಟ್ರು."

"ಹೋದ ವರ್ಷದ್ದೂ ತಪ್ಪಿರಬಹುದಲ್ವಾ ಅಣ್ಣ?" ಎಂದ ಹುಡುಗ.

"ಇರಬಹುದು. ಸ್ಕ್ಯಾನಿಂಗ್ ಪುಟಕ್ಕೆ ಹತ್ತು ರೂಪಾಯಿ. ಎರಡೂ ಪುಸ್ತಕದ್ದು ಹಾಕ್ಲಾ?"